ಯುವಜನರನ್ನು ಕೇಳುವ ಮೊದಲು ಸಮಿತಿ ಉತ್ತರಿಸಬೇಕಾದ ಪ್ರಶ್ನೆ

ಓದುಗರ ಪ್ರಶ್ನೆ: ನಾನು ನಮ್ಮ ಪ್ರದೇಶದ ನಾಗರಿಕ ಸಮಿತಿಯಲ್ಲಿದ್ದೇನೆ. ಮುಂದಿನ ಕೆಲಸಗಳನ್ನು ಯೋಜಿಸುವಾಗ 13ರಿಂದ 19 ವರ್ಷದವರ ಅಭಿಪ್ರಾಯವನ್ನೂ ಪಡೆಯೋಣ ಎಂದು ಒಂದು ಸಭೆ ಕರೆದೆವು. ಬಂದವರು ಕಡಿಮೆ, ಮಾತಾಡಿದವರು ಇನ್ನೂ ಕಡಿಮೆ. ‘ಆಟದ ಮೈದಾನ ಬೇಕು, ಲೈಬ್ರರಿ ಬೇಕು’ ಅಂದರು, ಅಷ್ಟೇ. ಈಗ ಒಂದು ಪ್ರಶ್ನಾವಳಿ ತಯಾರಿಸಿ ಶಾಲೆ, ಕಾಲೇಜುಗಳಲ್ಲಿ ಹಂಚಬೇಕು ಅಂತಿದ್ದೇವೆ. ಅವರ ದಿನನಿತ್ಯದ ಬದುಕು ಹೇಗಿದೆ ಅನ್ನೋದನ್ನೂ ತಿಳಿಯುವ ಆಸೆ ಇದೆ. ಏನು ಕೇಳಬೇಕು, ಹೇಗೆ ಕೇಳಬೇಕು? ‘ಈ ವಯಸ್ಸಿನವರಿಗೆ ಹೇಳೋದಕ್ಕೆ ನಿಜಕ್ಕೂ ಏನಾದರೂ ಇದೆಯಾ’ ಅಂತ ನಮ್ಮಲ್ಲೇ ಕೆಲವರು ಕೇಳುತ್ತಿದ್ದಾರೆ.

ತಜ್ಞರ ಉತ್ತರ:

ಕೊನೆಯ ಅನುಮಾನದಿಂದಲೇ ಶುರು ಮಾಡುತ್ತೇನೆ. ಅದು ಸಮಿತಿಯವರ ಮನಸ್ಸಿನಲ್ಲಿ ಉಳಿದುಬಿಟ್ಟರೆ ಬೇರೆ ಯಾವ ತಯಾರಿಯೂ ಪ್ರಯೋಜನಕ್ಕೆ ಬರುವುದಿಲ್ಲ.

ಹೇಳೋದಕ್ಕೆ ಅವರ ಹತ್ತಿರ ಬೇಕಾದಷ್ಟಿದೆ. 1970ರ ದಶಕದಲ್ಲಿ ನಗರ ಯೋಜಕ ಕೆವಿನ್ ಲಿಂಚ್ ಯುನೆಸ್ಕೋ ಜೊತೆ ಸೇರಿ ಅರ್ಜೆಂಟೀನಾ, ಆಸ್ಟ್ರೇಲಿಯಾ, ಮೆಕ್ಸಿಕೊ ಮತ್ತು ಪೋಲೆಂಡ್‌ನಲ್ಲಿ ಒಂದು ಅಧ್ಯಯನ ನಡೆಸಿದರು. ಬಾಲ್ಯ ಮುಗಿದು ಹದಿಹರೆಯಕ್ಕೆ ಕಾಲಿಡುತ್ತಿದ್ದ ಮಕ್ಕಳಿಂದ ಅವರವರ ಬಡಾವಣೆಯ ನಕ್ಷೆ ಬರೆಸಿದರು. ದಿನ ಹೇಗೆ ಕಳೆಯುತ್ತೀರಿ, ಎಲ್ಲಿಗೆ ಹೋಗುತ್ತೀರಿ, ಯಾವ ಜಾಗ ಇಷ್ಟ, ಯಾವ ಜಾಗ ಕಂಡರೆ ಭಯ ಎಂದು ಕೇಳಿದರು. ದೊಡ್ಡವರು ಮಕ್ಕಳಿಗೆಂದೇ ಕಟ್ಟಿಸಿದ ಜಾಗಗಳಿಗಿಂತ ಬೀದಿ, ಅಂಗಳ, ಖಾಲಿ ಸೈಟುಗಳೇ ಆ ಮಕ್ಕಳ ಬದುಕಿನಲ್ಲಿ ದೊಡ್ಡದಾಗಿದ್ದವು. ಮರಗಳು ಬೇಕು ಅನ್ನೋ ಮಾತು ಮತ್ತೆ ಮತ್ತೆ ಬಂತು. 1990ರ ದಶಕದಲ್ಲಿ ಲೂಯಿಸ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಇನ್ನೂ ಹೆಚ್ಚು ದೇಶಗಳಲ್ಲಿ ಇದೇ ಕೆಲಸ ಮತ್ತೆ ನಡೆಯಿತು. ಆಗ ಮಕ್ಕಳು ಬೇಸರದ ಕಾರಣಗಳಾಗಿ ಹೇಳಿದ ವಿಷಯಗಳನ್ನು ನೋಡಿ: ವಾಹನ ದಟ್ಟಣೆ, ಯಾರೂ ಎತ್ತದ ಕಸ, ಅಪರಾಧದ ಭಯ, ಮಾಡೋದಕ್ಕೆ ಏನೂ ಇಲ್ಲದ ಸಂಜೆಗಳು, ‘ಆ ಏರಿಯಾದವರು’ ಅಂತ ಹೊರಗಿನವರು ಹಚ್ಚುವ ಹಣೆಪಟ್ಟಿ. ಇದರಲ್ಲಿ ಹುಡುಗಾಟಿಕೆಯ ಮಾತು ಒಂದಾದರೂ ಇದೆಯಾ? ಕಸದ ವಿಷಯವನ್ನು ಮಕ್ಕಳ ಸಭೆಯಲ್ಲಿ ಎತ್ತಬೇಕು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಹೊಳೆಯುತ್ತಿತ್ತು?

ಹಾಗಾದರೆ ನಿಮ್ಮ ಸಭೆಯಲ್ಲಿ ಯಾಕೆ ಯಾರೂ ಮಾತಾಡಲಿಲ್ಲ? ‘ನಿಮಗೇನು ಬೇಕು’ ಅನ್ನೋ ಪ್ರಶ್ನೆಯೇ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಅಪರಿಚಿತ ದೊಡ್ಡವರು ಸಾಲಾಗಿ ಕೂತು ಹೀಗೆ ಕೇಳಿದರೆ, ಅವರಿಗೆ ಇಷ್ಟವಾಗುವ ಉತ್ತರ ಯಾವುದು ಅಂತ 15 ವರ್ಷದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೈದಾನ, ಲೈಬ್ರರಿ ಅಂದರೆ ಯಾರೂ ಬೈಯುವುದಿಲ್ಲ. ಅದು ಸುಳ್ಳೇನೂ ಅಲ್ಲ, ಆದರೆ ಅವರ ಬದುಕಿನಿಂದ ಎದ್ದು ಬಂದ ಮಾತೂ ಅಲ್ಲ. ಅದನ್ನೇ ಸ್ವಲ್ಪ ಕೆದಕಿದರೆ ಬೇರೆಯದೇ ಸಂಗತಿ ಹೊರಬರಬಹುದು. ಮೈದಾನ ಇದೆ, ಆದರೆ ಸಂಜೆ ಪೂರ್ತಿ ದೊಡ್ಡ ಹುಡುಗರ ಕೈಯಲ್ಲಿರುತ್ತದೆ. ಅಥವಾ ಕತ್ತಲಾದ ಮೇಲೆ ಅಲ್ಲಿ ದೀಪ ಇಲ್ಲ. ಅಥವಾ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ, ಹುಡುಗಿಯರು ಅದನ್ನು ದಾಟಲು ಹಿಂಜರಿಯುತ್ತಾರೆ. ಹೀಗಿದ್ದರೆ ಹೊಸ ಮೈದಾನ ಬೇಕಾಗಿಲ್ಲ. ಸಮಯ ಹಂಚಿಕೆ ಬೇಕು, ಇಲ್ಲವೇ ಎರಡು ದೀಪದ ಕಂಬ ಬೇಕು.

ಪ್ರಶ್ನೆಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲಿನ ಪ್ರಶ್ನೆಗೆ ಉತ್ತರಿಸಬೇಕಾದವರು ನಿಮ್ಮ ಸಮಿತಿಯವರು: ಈ ಯುವಜನರು ಏನೇ ಹೇಳಿದರೂ, ಅದರಿಂದ ಬದಲಾಗಬಹುದಾದದ್ದು ಯಾವುದು?

ಇದಕ್ಕೆ ನೇರವಾದ ಉತ್ತರ ಇರಬೇಕು, ಅದು ಬರಹದಲ್ಲಿರಬೇಕು. ಈ ವರ್ಷದ ಹಣದಲ್ಲಿ ಇಷ್ಟು ಪಾಲು ಅವರ ಮಾತಿನ ಮೇಲೆ ನಿರ್ಧಾರವಾಗುತ್ತದೆ. ಸಮುದಾಯ ಭವನ ತೆರೆದಿರುವ ಸಮಯ ಬದಲಾಗಬಹುದು. ಪಾರ್ಕಿನ ವಿನ್ಯಾಸ ಇನ್ನೂ ಅಂತಿಮವಾಗಿಲ್ಲ, ಹಾಗಾಗಿ ತಿದ್ದಬಹುದು. ರಸ್ತೆ ಅಗಲ ಮಾಡುವುದು ನಮ್ಮ ಕೈಲಿಲ್ಲ, ಆದರೆ ಅವರ ಮಾತನ್ನು ಸಂಬಂಧಪಟ್ಟ ಕಚೇರಿಗೆ ಮುಟ್ಟಿಸಿ ಅಲ್ಲಿಂದ ಬಂದ ಉತ್ತರವನ್ನು ಅವರಿಗೆ ತಿಳಿಸುತ್ತೇವೆ. ಇಂಥ ನಾಲ್ಕಾರು ಸಾಲು ಸಾಕು. ಬದಲಾಗಬಹುದಾದದ್ದು ಏನೂ ಇಲ್ಲ, ಎಲ್ಲ ಆಗಲೇ ತೀರ್ಮಾನವಾಗಿದೆ ಅಂತಾದರೆ ದಯವಿಟ್ಟು ಕೇಳಲೇಬೇಡಿ. ‘ಹೀಗೆ ತೀರ್ಮಾನ ಆಗಿದೆ’ ಅಂತ ಮಾಹಿತಿ ಕೊಡಿ. ಅದು ಕಡಿಮೆಯ ಕೆಲಸ, ಆದರೆ ಪ್ರಾಮಾಣಿಕ ಕೆಲಸ. ಕೇಳಿದಂತೆ ಮಾಡಿ ಕೈಬಿಟ್ಟರೆ ಆಗುವ ಹಾನಿ ಕೇಳದೇ ಇದ್ದದ್ದಕ್ಕಿಂತ ಜಾಸ್ತಿ. ತನ್ನ ಮಾತಿಗೆ ಬೆಲೆ ಇಲ್ಲ ಅಂತ 16ನೇ ವಯಸ್ಸಿನಲ್ಲಿ ಅನುಭವದಿಂದ ಕಲಿತವರು 26ಕ್ಕೆ ನಿಮ್ಮ ಯಾವ ಸಭೆಗೂ ಬರುವುದಿಲ್ಲ.

ಈ ಅಪಾಯವನ್ನು ತುಂಬ ಸ್ಪಷ್ಟವಾಗಿ ತೋರಿಸಿದವರು ರೋಜರ್ ಹಾರ್ಟ್. 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಅವರು ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ಶೆರಿ ಅರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯ ಬಗ್ಗೆ ಹೇಳಿದ್ದ ಏಣಿಯೇ ಇದಕ್ಕೆ ಆಧಾರ. ಹಾರ್ಟ್ ಪ್ರಕಾರ ಕೆಳಗಿನ ಮೂರು ಮೆಟ್ಟಿಲುಗಳನ್ನು ಭಾಗವಹಿಸುವಿಕೆ ಎಂದು ಕರೆಯುವಂತೆಯೇ ಇಲ್ಲ. ಮಕ್ಕಳನ್ನು ನಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ವೇದಿಕೆಗೆ ಅಲಂಕಾರವಾಗಿ ನಿಲ್ಲಿಸುವುದು, ತೋರಿಕೆಗೆ ಒಬ್ಬಿಬ್ಬರನ್ನು ಕೂರಿಸಿಕೊಳ್ಳುವುದು, ಇವೇ ಆ ಮೂರು. ಎಲ್ಲರೂ ತುದಿಯ ಮೆಟ್ಟಿಲಿಗೇ ಏರಬೇಕು ಅಂತ ನಾನು ಹೇಳುತ್ತಿಲ್ಲ. ದೊಡ್ಡವರು ಕೇಳಿ, ಆ ಮಾತನ್ನು ಗಂಭೀರವಾಗಿ ತೂಗಿ, ಕಾರಣ ಸಮೇತ ಉತ್ತರ ಕೊಟ್ಟರೆ ಅದೂ ಗೌರವದ ಮೆಟ್ಟಿಲೇ. ನಿಮ್ಮ ಮೊದಲ ಪ್ರಯತ್ನಕ್ಕೆ ಅಷ್ಟು ಗುರಿ ಸಾಕು.

ಇದು ದಾಕ್ಷಿಣ್ಯದ ವಿಷಯ ಅಲ್ಲ ಅನ್ನೋದನ್ನೂ ಸಮಿತಿಯಲ್ಲಿ ಹೇಳಿ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಈ ಹಕ್ಕನ್ನು ಕೊಡುತ್ತದೆ. ಸ್ವಂತ ಅಭಿಪ್ರಾಯ ಇಟ್ಟುಕೊಳ್ಳಬಲ್ಲ ಯಾವುದೇ ಮಗು, ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅದನ್ನು ಹೇಳಬಹುದು. ಆ ಮಾತಿಗೆ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ಬೆಲೆ ಸಿಗಬೇಕು. ಕಾನೂನು ತಜ್ಞೆ ಲಾರಾ ಲಂಡಿ 2007ರಲ್ಲಿ ಇದನ್ನು ನಾಲ್ಕು ಭಾಗವಾಗಿ ಬಿಡಿಸಿ ಹೇಳಿದರು: ಮಾತಾಡಲು ಜಾಗ ಬೇಕು, ಮಾತಾಡಲು ನೆರವು ಬೇಕು, ಕೇಳಿಸಿಕೊಳ್ಳುವ ಕಿವಿ ಬೇಕು, ಆ ಮಾತಿನಿಂದ ಪರಿಣಾಮ ಆಗಬೇಕು. ನಿಮ್ಮ ಸಭೆಯಲ್ಲಿ ಮೊದಲನೆಯದು ಮಾತ್ರ ಇತ್ತು. ಪ್ರಶ್ನಾವಳಿ ಹಂಚಿದರೆ ಎರಡನೆಯದು ಸ್ವಲ್ಪ ಸೇರಬಹುದು. ಕೊನೆಯ ಎರಡನ್ನು ಕೊಡುವವರು ಸಮಿತಿಯವರೇ.

ಈಗ ವಿಧಾನದ ಮಾತು. ಪ್ರಶ್ನಾವಳಿಯಿಂದ ಶುರು ಮಾಡಬೇಡಿ. ಎಷ್ಟು ಜನರಿಗೆ ಹಾಗನ್ನಿಸುತ್ತದೆ ಅಂತ ಎಣಿಸಲು ಅದು ಒಳ್ಳೆಯ ಸಾಧನ. ಏನನ್ನು ಎಣಿಸಬೇಕು ಅಂತಲೇ ನಿಮಗಿನ್ನೂ ಗೊತ್ತಿಲ್ಲ, ಅಲ್ವಾ? ಮೊದಲು ಅವರ ಜೊತೆ ನಡೆದಾಡಿ. ನಾಲ್ಕೈದು ಜನರ ಒಂದು ಗುಂಪು, ಜೊತೆಗೆ ಒಬ್ಬಿಬ್ಬರು ದೊಡ್ಡವರು ಮಾತ್ರ. ದಾರಿ ಅವರದ್ದು. ಅವರು ದಿನಾ ಓಡಾಡುವ ದಾರಿಯಲ್ಲಿ ನಿಮ್ಮನ್ನು ಕರೆದುಕೊಂಡು ಹೋಗಲಿ. ಇಲ್ಲಿ ಯಾಕೆ ರಸ್ತೆಯ ಆ ಬದಿಗೆ ಹೋದಿರಿ? ಈ ಬೆಂಚಿನ ಮೇಲೆ ಯಾರು ಕೂರುತ್ತಾರೆ? ಇಲ್ಲಿಂದ ನಿಮ್ಮನ್ನು ಯಾರಾದರೂ ಎಬ್ಬಿಸಿ ಕಳಿಸಿದ್ದಾರಾ? ಕೋಣೆಯಲ್ಲಿ ತಲೆ ತಗ್ಗಿಸಿ ಕೂತವರು ದಾರಿಯಲ್ಲಿ ಧಾರಾಳವಾಗಿ ಮಾತಾಡುತ್ತಾರೆ. ಎದುರುಬದುರು ಕೂರುವುದಕ್ಕಿಂತ ಅಕ್ಕಪಕ್ಕ ನಡೆಯುವಾಗ ಸಂಕೋಚ ಕಡಿಮೆ.

ನಡೆದಾಡಿದ ಮೇಲೆ ದೊಡ್ಡ ನಕ್ಷೆಯೊಂದನ್ನು ಹರಡಿ ಬಣ್ಣದ ಚೀಟಿ ಅಂಟಿಸಲು ಹೇಳಿ: ಇಷ್ಟದ ಜಾಗಕ್ಕೆ ಒಂದು ಬಣ್ಣ, ಭಯದ ಜಾಗಕ್ಕೆ ಇನ್ನೊಂದು, ನಮ್ಮನ್ನು ಒಳಗೆ ಬಿಡುವುದಿಲ್ಲ ಅನ್ನೋ ಜಾಗಕ್ಕೆ ಮತ್ತೊಂದು. ಒಂದೇ ಜಾಗದ ಮೇಲೆ ಎರಡು ಬಣ್ಣ ಬಿದ್ದರೆ ಅಲ್ಲಿ ನಿಲ್ಲಿ, ಮುಖ್ಯವಾದ ಮಾತು ಅಲ್ಲೇ ಇರುತ್ತದೆ. ಫೋಟೋ ತೆಗೆಸುವುದೂ ಒಳ್ಳೆಯ ದಾರಿ. ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ಬೆಳೆಸಿದ ವಿಧಾನ ಇದು, ‘ಫೋಟೋವಾಯ್ಸ್’ ಅನ್ನುತ್ತಾರೆ. ಚಿತ್ರದ ಅಂದ ಮುಖ್ಯವಲ್ಲ, ಅದನ್ನು ಮುಂದಿಟ್ಟುಕೊಂಡು ತೆಗೆದವರು ಹೇಳುವ ಮಾತು ಮುಖ್ಯ. ಬೇರೆಯವರ ಮುಖ ಬರುವಂತೆ ಅನುಮತಿ ಇಲ್ಲದೆ ತೆಗೆಯಬಾರದು ಅನ್ನೋ ನಿಯಮವನ್ನು ಮೊದಲೇ ಹೇಳಿಬಿಡಿ.

ಗುಂಪು ಮಾಡುವಾಗ 13 ವರ್ಷದವರನ್ನೂ 19 ವರ್ಷದವರನ್ನೂ ಒಟ್ಟಿಗೆ ಕೂರಿಸಬೇಡಿ. ಚಿಕ್ಕವರು ಬಾಯಿ ಬಿಡುವುದಿಲ್ಲ. ಹುಡುಗಿಯರಿಗೆ ಬೇರೆಯಾಗಿ ಮಾತಾಡುವ ಅವಕಾಶವೂ ಇರಲಿ, ಇದು ಬರೀ ಸಂಕೋಚದ ವಿಷಯವಲ್ಲ. 1990ರ ದಶಕದಲ್ಲಿ ವಿಯೆನ್ನಾ ನಗರದ ಪಾರ್ಕುಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಕಂಡಿತು. ಸುಮಾರು ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಪಾರ್ಕಿಗೆ ಬರುವುದು ತೀರಾ ಕಡಿಮೆಯಾಗುತ್ತಿತ್ತು, ಹುಡುಗರು ಮಾತ್ರ ಬರುತ್ತಲೇ ಇದ್ದರು. ಒಂದೇ ದೊಡ್ಡ ಬಯಲಿದ್ದರೆ ಜಾಗಕ್ಕಾಗಿ ಪೈಪೋಟಿ ಆಗುತ್ತದೆ, ಹುಡುಗಿಯರು ಬಿಟ್ಟುಕೊಟ್ಟು ಹೋಗುತ್ತಾರೆ. ಐನ್‌ಸೀಡ್ಲರ್ ಪಾರ್ಕ್ ಸೇರಿದಂತೆ ಎರಡು ಪಾರ್ಕುಗಳನ್ನು 1999ರ ಹೊತ್ತಿಗೆ ಬದಲಾಯಿಸಿದರು. ಜಾಗವನ್ನು ಚಿಕ್ಕ ಚಿಕ್ಕ ಭಾಗ ಮಾಡಿದರು, ಓಡಾಡುವ ದಾರಿ ಹೆಚ್ಚಿಸಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಅನುಕೂಲ ಮಾಡಿದರು. ಹುಡುಗಿಯರು ವಾಪಸ್ ಬಂದರು. ಪಾರ್ಕಿನಲ್ಲಿ ಸಿಕ್ಕವರನ್ನು ಮಾತ್ರ ಮಾತಾಡಿಸಿ ವರದಿ ಬರೆದಿದ್ದರೆ ಎಲ್ಲವೂ ಸರಿಯಿದೆ ಅಂತ ಬರೆಯಬೇಕಾಗುತ್ತಿತ್ತು.

ಶಾಲೆ, ಕಾಲೇಜುಗಳಲ್ಲಿ ಮಾತ್ರ ಫಾರ್ಮ್ ಹಂಚಬೇಡಿ ಅಂತ ಹೇಳುವುದೂ ಇದೇ ಕಾರಣಕ್ಕೆ. ಓದು ಬಿಟ್ಟು ಕೆಲಸಕ್ಕೆ ಹೋಗುವವರು, ಮನೆಯಲ್ಲಿ ತಮ್ಮ ತಂಗಿಯರನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುವವರು, ಅಂಗವೈಕಲ್ಯ ಇರುವವರು, ಈಚೆಗೆ ಬೇರೆ ಕಡೆಯಿಂದ ಬಂದವರು, ಅಲ್ಲಿನ ಭಾಷೆ ಸರಿಯಾಗಿ ಬಾರದವರು ತರಗತಿಯ ಪಟ್ಟಿಯಲ್ಲಿ ಸಿಗದೆ ಹೋಗಬಹುದು. ಅವರು ಇರುವಲ್ಲಿಗೆ ನೀವು ಹೋಗಬೇಕು, ಅವರಿಗೆ ಬಿಡುವಿರುವ ಹೊತ್ತಿನಲ್ಲಿ. ತರಗತಿಯ ಲೀಡರನ್ನೋ, ಭಾಷಣದಲ್ಲಿ ಬಹುಮಾನ ಗೆದ್ದವರನ್ನೋ ‘ಪ್ರತಿನಿಧಿ’ ಮಾಡಿದರೆ ಕೆಲಸ ಸುಲಭ ಆಗುತ್ತದೆ ನಿಜ. ಆದರೆ ಅವರ ಮಾತನ್ನು ಜನ ಈಗಾಗಲೇ ಕೇಳುತ್ತಿದ್ದಾರೆ.

ಮಾತಾಡಿಸುವವರು ಯಾರಿರಲಿ? ಇಪ್ಪತ್ತರ ಆಸುಪಾಸಿನ, ಅದೇ ಪ್ರದೇಶ ಗೊತ್ತಿರುವ, ಸ್ವಲ್ಪ ತರಬೇತಿ ಪಡೆದ ಯುವಕ ಯುವತಿಯರು ಒಳ್ಳೆಯದು. ಅಂಕ ಕೊಡುವ ಶಿಕ್ಷಕರು, ಅಪ್ಪ ಅಮ್ಮನ ಸ್ನೇಹಿತರು ಬೇಡ. ಈ ಕೆಲಸಕ್ಕೆ ಆ ಯುವಕ ಯುವತಿಯರಿಗೆ ಹಣ ಕೊಡಿ. ಭಾಗವಹಿಸುವವರ ಪ್ರಯಾಣದ ಖರ್ಚನ್ನೂ ಕೊಡಿ. ದೊಡ್ಡ ಸಲಹೆಗಾರರಿಗೆ ಹಣ ಕೊಡುವಾಗ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಇಷ್ಟಾದ ಮೇಲೆ ಪ್ರಶ್ನಾವಳಿ. ಅದರ ಮೊದಲ ಕರಡನ್ನು ನಡೆದಾಟಕ್ಕೆ ಬಂದ ಯುವಜನರೇ ಬರೆಯಲಿ, ನೀವು ತಿದ್ದಿ. ಹತ್ತು ನಿಮಿಷದಲ್ಲಿ ಮುಗಿಯಬೇಕು. ಅಭಿಪ್ರಾಯಕ್ಕಿಂತ ಈಚೆಗೆ ನಡೆದದ್ದನ್ನು ಕೇಳಿ. ‘ನಮ್ಮ ಪ್ರದೇಶ ಸುರಕ್ಷಿತವೇ?’ ಅಂದರೆ ಹೌದು ಅಂತ ಗೀಚಿ ಮುಂದೆ ಹೋಗುತ್ತಾರೆ. ‘ಕಳೆದ ಏಳು ದಿನಗಳಲ್ಲಿ ಎಲ್ಲಿಗಾದರೂ ಹೋಗಬೇಕು ಅಂದುಕೊಂಡು ಹೋಗದೆ ಬಿಟ್ಟಿದ್ದೀರಾ? ಎಲ್ಲಿಗೆ? ಯಾಕೆ?’ ಅಂತ ಕೇಳಿದರೆ ನಿಂತು ಯೋಚಿಸುತ್ತಾರೆ. ‘ಬಿಡುವಿನ ವೇಳೆಯನ್ನು ಹೇಗೆ ಸದುಪಯೋಗ ಮಾಡುತ್ತೀರಿ?’ ಅನ್ನೋ ಪ್ರಶ್ನೆಯಲ್ಲಿ ಉಪದೇಶವೇ ತುಂಬಿದೆ. ‘ನಿನ್ನೆ ಸಂಜೆ ನಿಮಗೇ ಅಂತ ಎಷ್ಟು ಹೊತ್ತು ಸಿಕ್ಕಿತು? ಆಗ ಎಲ್ಲಿದ್ದಿರಿ?’ ಅಂತ ಕೇಳಿ ನೋಡಿ. ‘ಬಸ್ಸು ಮತ್ತು ರಸ್ತೆ ಚೆನ್ನಾಗಿವೆಯೇ?’ ಅಂತ ಎರಡನ್ನು ಒಂದರಲ್ಲೇ ಕಟ್ಟಬೇಡಿ. ಬಸ್ಸು ಚೆನ್ನಾಗಿದ್ದು ರಸ್ತೆ ಕೆಟ್ಟಿದ್ದರೆ ಅವರು ಏನು ಬರೆಯಬೇಕು? ‘ಈ ಮಾತನ್ನು ಒಪ್ಪುತ್ತೀರಾ?’ ಅನ್ನೋ ಮಾದರಿಯ ಪ್ರಶ್ನೆಗಳನ್ನು ಆದಷ್ಟು ಕಡಿಮೆ ಮಾಡಿ. ಕೇಳಿದ್ದಕ್ಕೆ ಹೂಂ ಅನ್ನುವ ಅಭ್ಯಾಸ ಎಲ್ಲ ವಯಸ್ಸಿನವರಲ್ಲೂ ಇದೆ, ದೊಡ್ಡವರ ಎದುರು ಚಿಕ್ಕವರಲ್ಲಿ ಜಾಸ್ತಿ. ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’ ಎರಡೂ ಬೇರೆ ಬೇರೆಯಾಗಿ ಇರಲಿ. ಕೊನೆಗೆ ಖಾಲಿ ಜಾಗ ಬಿಟ್ಟು ಒಂದು ಪ್ರಶ್ನೆ: ‘ನಾವು ಕೇಳಬೇಕಿತ್ತು, ಆದರೆ ಕೇಳಲಿಲ್ಲ ಅನ್ನೋ ವಿಷಯ ಯಾವುದು?’ ಆ ಉತ್ತರಗಳನ್ನು ಮೊದಲು ಓದಿ.

ಹಂಚುವ ಮೊದಲು ಐದಾರು ಜನರಿಂದ ಫಾರ್ಮ್ ತುಂಬಿಸಿ ನೋಡಿ. ಪ್ರತಿ ಪ್ರಶ್ನೆ ಓದಿದಾಗ ಏನು ಅರ್ಥವಾಯಿತು ಅಂತ ಬಾಯಿಬಿಟ್ಟು ಹೇಳಲಿ. ಅರ್ಧ ಪ್ರಶ್ನೆಗಳನ್ನು ಮತ್ತೆ ಬರೆಯಬೇಕಾಗುತ್ತದೆ, ಅದು ಒಳ್ಳೆಯದೇ. ಕಾಗದದಲ್ಲೋ ಮೊಬೈಲಿನಲ್ಲೋ ಅನ್ನೋದು ಸಣ್ಣ ವಿಷಯ, ಎರಡೂ ಇಟ್ಟುಕೊಳ್ಳಿ.

ಅವರ ಬದುಕಿನ ಬಗ್ಗೆಯೂ ಕೇಳುವ ಆಸೆ ಇದೆ ಅಂದಿರಿ. ಇಲ್ಲಿ ಮಾತ್ರ ನಿಧಾನಿಸಿ. ಮನೆಯೊಳಗಿನ ಜಗಳ, ದೇಹ, ಪ್ರೀತಿ, ಮಾದಕ ವಸ್ತು, ಆತ್ಮಹತ್ಯೆಯ ಯೋಚನೆ ಇವು ಮೈದಾನದ ಪ್ರಶ್ನೆಯ ಪಕ್ಕದಲ್ಲಿ ಸುಮ್ನೆ ಸೇರಿಸುವ ವಿಷಯಗಳಲ್ಲ. ಉತ್ತರ ಬಂದರೆ ನೆರವು ಕೊಡುವ ವ್ಯವಸ್ಥೆ ನಿಮ್ಮಲ್ಲಿ ಇಲ್ಲದಿದ್ದರೆ ಕೇಳಬೇಡಿ. ಆದರೂ ಒಂದು ವಿಷಯ ಖಂಡಿತ: ನೀವು ಕೇಳದೇ ಇದ್ದರೂ ಯಾರಾದರೂ ಹೇಳಿಬಿಡಬಹುದು. ನಡೆದಾಡುವಾಗ ಒಬ್ಬ ಹುಡುಗಿ ತನಗೆ ಯಾರೋ ಹಿಂಸೆ ಕೊಡುತ್ತಿದ್ದಾರೆ ಅಂದರೆ, ಕೇಳಿಸಿಕೊಂಡವರು ಏನು ಹೇಳಬೇಕು, ಯಾರಿಗೆ ತಿಳಿಸಬೇಕು, ಅದೇ ದಿನ ಯಾರಿಗೆ ಫೋನ್ ಮಾಡಬೇಕು ಅನ್ನೋದು ಮೊದಲೇ ತೀರ್ಮಾನವಾಗಿರಬೇಕು. ಹಾಗಾಗಿ ‘ಏನೇ ಹೇಳಿದರೂ ಗುಟ್ಟಾಗಿ ಇಡುತ್ತೇವೆ’ ಅಂತ ಮಾತು ಕೊಡಬೇಡಿ. ‘ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಆದರೆ ನಿಮಗೆ ಅಪಾಯ ಇದೆ ಅಂತ ಗೊತ್ತಾದರೆ ನೆರವಿಗಾಗಿ ಒಬ್ಬರಿಗೆ ಹೇಳಬೇಕಾಗುತ್ತದೆ, ಹೇಳುವ ಮೊದಲು ನಿಮಗೆ ತಿಳಿಸುತ್ತೇವೆ’ ಅನ್ನಿ.

ಒಪ್ಪಿಗೆಯ ವಿಷಯದಲ್ಲಿ, 18ರ ಒಳಗಿನವರಿಗೆ ತಂದೆ ತಾಯಿ ಅಥವಾ ಪೋಷಕರ ಅನುಮತಿ ಪಡೆಯಿರಿ. ಅಷ್ಟೇ ಮುಖ್ಯವಾದದ್ದು ಆ ಹುಡುಗ ಅಥವಾ ಹುಡುಗಿಯ ಸ್ವಂತ ಒಪ್ಪಿಗೆ. ಅಮ್ಮ ಸಹಿ ಹಾಕಿದ್ದಾರೆ ಅಂತ ಮಗಳು ಉತ್ತರಿಸಲೇಬೇಕಿಲ್ಲ. ತರಗತಿಯಲ್ಲಿ ಫಾರ್ಮ್ ತುಂಬಿಸಿದರೆ ಶಿಕ್ಷಕರು ಸಾಲಿನ ಮಧ್ಯೆ ಓಡಾಡಬಾರದು, ತುಂಬಿದ ಫಾರ್ಮನ್ನು ಸಂಗ್ರಹಿಸಲೂ ಬಾರದು. ಮುಚ್ಚಿದ ಪೆಟ್ಟಿಗೆಗೆ ತುಂಬಿದವರೇ ಹಾಕಲಿ. ಹೆಸರು ಬರೆಸದಿದ್ದರೂ ಗುರುತು ಸಿಗಬಹುದು ಅನ್ನೋದು ನೆನಪಿರಲಿ. ವಯಸ್ಸು 17, ಹುಡುಗಿ, ಇಂಥ ಬೀದಿ, ಗಾಲಿಕುರ್ಚಿ ಬಳಸುತ್ತಾಳೆ ಅಂದರೆ ಅದು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಒಂದು ಗುಂಪಿನಲ್ಲಿ ಐದಾರು ಜನರಿಗಿಂತ ಕಡಿಮೆ ಇದ್ದರೆ ಆ ಗುಂಪಿನ ಉತ್ತರವನ್ನು ಬೇರೆಯಾಗಿ ಪ್ರಕಟಿಸಬೇಡಿ.

ಫಾರ್ಮ್‌ಗಳು ವಾಪಸ್ ಬಂದವು ಅನ್ನಿ. ಬಹಳ ಕಡೆ ಕೆಲಸ ನಿಂತುಹೋಗುವುದು ಇಲ್ಲಿಯೇ. ಐಸ್‌ಲ್ಯಾಂಡ್ ಈ ವಿಷಯದಲ್ಲಿ ಗಮನ ಕೊಡಬೇಕಾದ ದೇಶ. ಅಲ್ಲಿ 1990ರ ದಶಕದಿಂದ ಹದಿಹರೆಯದವರ ಬದುಕಿನ ಬಗ್ಗೆ ಶಾಲೆಗಳಲ್ಲಿ ನಿಯಮಿತವಾಗಿ ಸಮೀಕ್ಷೆ ನಡೆಯುತ್ತದೆ. ಮನೆ, ಗೆಳೆಯರು, ಬಿಡುವಿನ ಹೊತ್ತು, ಕುಡಿತ ಎಲ್ಲದರ ಬಗ್ಗೆ ಕೇಳುತ್ತಾರೆ. ಫಲಿತಾಂಶ ರಾಜಧಾನಿಯ ಕಪಾಟಿನಲ್ಲಿ ಉಳಿಯುವುದಿಲ್ಲ. ಕೆಲವೇ ತಿಂಗಳಲ್ಲಿ ಆಯಾ ಶಾಲೆಗೆ, ಆಯಾ ಊರಿಗೆ ಅವರದೇ ಅಂಕಿ ಅಂಶ ತಲುಪುತ್ತದೆ. ಅದನ್ನು ನೋಡಿ ಕ್ರೀಡೆ, ಸಂಗೀತಕ್ಕೆ ಹಣ ಒದಗಿಸಿದರು, ತಂದೆ ತಾಯಿಯರ ಜೊತೆ ಒಪ್ಪಂದ ಮಾಡಿಕೊಂಡರು. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದ 15–16 ವರ್ಷದವರ ಪಾಲು 1998ರಲ್ಲಿ ಶೇ 42 ಇತ್ತು, 2016ಕ್ಕೆ ಶೇ 5ಕ್ಕೆ ಇಳಿಯಿತು. ಇದೆಲ್ಲ ಸಮೀಕ್ಷೆಯೊಂದರಿಂದಲೇ ಆಯಿತು ಅಂತಲ್ಲ, ಹಲವು ಕ್ರಮಗಳು ಸೇರಿ ಆಗಿದ್ದು. ಆದರೆ ಕೇಳಿದ್ದು ಬೇಗ ವಾಪಸ್ ಬಂದದ್ದರಿಂದ ಪ್ರತಿ ಊರೂ ತನ್ನ ಮಕ್ಕಳ ಬಗ್ಗೆ ತಾನೇ ಮಾತಾಡುವಂತಾಯಿತು.

ನಿಮ್ಮದು ಚಿಕ್ಕ ಪ್ರದೇಶ, ನೀವು ಇನ್ನೂ ಬೇಗ ಮಾಡಬಹುದು. ಫಾರ್ಮ್ ತುಂಬಿದ ಒಂದು ತಿಂಗಳೊಳಗೆ ಒಂದೇ ಪುಟದ ಉತ್ತರ ಕೊಡಿ. ನೀವು ಹೇಳಿದ್ದು ಇದು. ಇದರಲ್ಲಿ ಇಷ್ಟನ್ನು ಇಂಥ ತಿಂಗಳೊಳಗೆ ಮಾಡುತ್ತೇವೆ. ಇದನ್ನು ಮಾಡಲು ಆಗುವುದಿಲ್ಲ, ಕಾರಣ ಇದು. ಇದರ ಬಗ್ಗೆ ನಮ್ಮಲ್ಲೇ ಒಮ್ಮತ ಇಲ್ಲ, ಬಂದು ಮಾತಾಡಿ. ‘ಆಗುವುದಿಲ್ಲ’ ಅನ್ನೋದನ್ನು ಬರೆಯಲು ಸಮಿತಿಯವರು ಹೆದರುತ್ತಾರೆ. ಹೆದರಬೇಕಿಲ್ಲ. ಕಾರಣ ಕೊಟ್ಟು ಇಲ್ಲ ಅಂದರೆ ಯುವಜನರು ಒಪ್ಪದಿರಬಹುದು, ವಾದ ಮಾಡಬಹುದು, ಆದರೆ ಅವಮಾನ ಆಯಿತು ಅಂದುಕೊಳ್ಳುವುದಿಲ್ಲ. ಮೌನವೇ ಅವಮಾನ. ಆ ಪುಟವನ್ನು ಫಾರ್ಮ್ ತುಂಬಿಸಿದ ಜಾಗಗಳಿಗೇ ತಲುಪಿಸಿ, ಸಮಿತಿಯಲ್ಲಿ ನಿರ್ಧಾರ ಮಾಡುವ ಒಬ್ಬರು ಖುದ್ದಾಗಿ ಹೋಗಿ ಓದಲಿ.

ಮೊದಲ ಸುತ್ತಿನಲ್ಲೇ ಸ್ವಲ್ಪ ಹಣದ ನಿರ್ಧಾರವನ್ನು ಅವರಿಗೇ ಬಿಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಅಮೆರಿಕದ ಬಾಸ್ಟನ್ ನಗರ 2014ರಲ್ಲಿ 10 ಲಕ್ಷ ಡಾಲರ್ ತೆಗೆದಿಟ್ಟು, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದನ್ನು 12ರಿಂದ 25 ವರ್ಷದವರ ಮತಕ್ಕೆ ಬಿಟ್ಟಿತು. ಅವರು ಆರಿಸಿದ್ದು ಪಾರ್ಕುಗಳ ದುರಸ್ತಿ, ಪಾರ್ಕಿನ ಬಳಿಯ ಕಾಲುದಾರಿ, ಪ್ರೌಢಶಾಲೆಗಳಿಗೆ ಲ್ಯಾಪ್‌ಟಾಪ್, ಇಂಥವನ್ನೇ. ದುಡ್ಡು ಹಾಳು ಮಾಡುತ್ತಾರೆ ಅಂತ ನಿಮ್ಮ ಸಮಿತಿಯಲ್ಲಿ ಯಾರಾದರೂ ಅಂದರೆ ಈ ಪಟ್ಟಿಯನ್ನು ತೋರಿಸಿ. ನಿಮ್ಮ ಮೊತ್ತ ಎಷ್ಟೇ ಚಿಕ್ಕದಿರಲಿ, ನಿರ್ಧಾರ ಪೂರ್ತಿ ಅವರದ್ದಾಗಿರಬೇಕು. ಆಮೇಲೆ ಸಮಿತಿ ತಿದ್ದುವಂತಿರಬಾರದು.

ಈಗ ಮಾಡಬೇಕಾದದ್ದು ಇಷ್ಟು. ಮುಂದಿನ ಸಮಿತಿ ಸಭೆಯಲ್ಲಿ ‘ಏನು ಬದಲಾಗಬಹುದು’ ಅನ್ನೋ ನಾಲ್ಕಾರು ಸಾಲು ಬರೆಸಿ, ಎಲ್ಲರ ಸಹಿ ಪಡೆಯಿರಿ. ಹಿಂದಿನ ಸಭೆಗೆ ಬಂದವರಿಗೆ ಅದನ್ನು ಓದಿ ಹೇಳಿ, ನಡೆದಾಟಕ್ಕೆ ಕರೆಯಿರಿ. ಜೊತೆಗೆ, ಅವತ್ತು ಬಾರದೇ ಇದ್ದ ಒಬ್ಬೊಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆತರಲು ಹೇಳಿ. ಪರೀಕ್ಷೆಯ ತಿಂಗಳು ಬೇಡ. ಫಾರ್ಮ್ ಅಚ್ಚು ಹಾಕಿಸುವುದನ್ನು ಅಲ್ಲಿಯವರೆಗೆ ತಡೆಯಿರಿ.